ಕಾಣಿಕೆ ಪೆಟ್ಟಿಗೆಯೇ ಬೇರೆ, ಗಲ್ಲಾಪೆಟ್ಟಿಗೆಯೇ ಬೇರೆ

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಚರ್ಚುಗಳ ಬಾಗಿಲು ಮುಚ್ಚಿತು, ಆರಾಧನೆ ಮೊಬೈಲ್‌ಗೆ ಬಂತು. ಬಾಗಿಲು ತೆರೆದ ಮೇಲೂ ಕ್ಯಾಮೆರಾ ಅಲ್ಲಿಯೇ ಉಳಿಯಿತು. ಬಾಡಿಗೆ ಹಾಲ್‌ನಲ್ಲಿ ಐವತ್ತು ಜನರ ಸಭೆ ನಡೆಸುವ ಪಾಸ್ಟರ್‌ಗೂ ಈಗ ಚಾನೆಲ್ ಇದೆ. ಚಾನೆಲ್‌ನ ಹಿಂದೆಯೇ ಪುಸ್ತಕ, ಹಾಡಿನ ಆಲ್ಬಂ, ಅಭಿಷೇಕದ ಎಣ್ಣೆ, ಕ್ಯಾಲೆಂಡರ್, ತರಬೇತಿ ಶಿಬಿರಗಳೂ ಬಂದಿವೆ. ಸೇವೆಯನ್ನೂ ವ್ಯಾಪಾರವನ್ನೂ ಅಂತರ್ಜಾಲದಲ್ಲಿ ಬೆಳೆಸುವುದು ಹೇಗೆಂದು ಹೇಳಿಕೊಡುವ ಸಲಹೆಗಾರರಿಗಂತೂ ಬರವಿಲ್ಲ. ಅವರು ಹೇಳುವುದು ಹೆಚ್ಚುಕಡಿಮೆ ಒಂದೇ: ತಪ್ಪದೆ ಏನಾದರೂ ಪ್ರಕಟಿಸಿ, ಜನರ ವಿಶ್ವಾಸ ಗಳಿಸಿ, ಆಮೇಲೆ ಆ ಕೇಳುಗರನ್ನೇ ಗಿರಾಕಿಗಳನ್ನಾಗಿ ಮಾಡಿಕೊಳ್ಳಿ. ಮೊದಲೆರಡು ಮಾತು ಒಪ್ಪುವಂಥವು. ಮೂರನೆಯದು ಆ ಎರಡನ್ನೂ ಹಾಳುಮಾಡುತ್ತದೆ ಎಂಬುದೇ ನನ್ನ ವಾದ. ಕ್ರೈಸ್ತ ಸೇವೆಯಾಗಲಿ, ವಿಶ್ವಾಸಿಗಳು ನಡೆಸುವ ಉದ್ಯಮವಾಗಲಿ ಬಹುಕಾಲ ನಿಂತಿರುವುದು ಬರಹವನ್ನು ಉಪಯುಕ್ತವಾಗಿ, ಬೋಧನೆಯನ್ನು ಉಚಿತವಾಗಿ, ವ್ಯಾಪಾರವನ್ನು ಬೇರೆಯಾಗಿ ಇಟ್ಟ ಕಡೆಗಳಲ್ಲಿ. ಇದಕ್ಕೆ ಸಾಕ್ಷಿ ಹುಡುಕಲು ಮೊದಲು ಮಂಗಳೂರಿಗೇ ಹೋಗಬಹುದು.

ಬಾಸೆಲ್ ಮಿಷನ್ನಿನ ಮೊದಲ ಮೂವರು ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. 1841ರಲ್ಲಿ ಅಲ್ಲಿ ಕಲ್ಲಚ್ಚಿನ ಮುದ್ರಣಾಲಯ ಶುರುವಾಯಿತು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಅವರ ಸಂಪಾದಕತ್ವದಲ್ಲಿ ‘ಮಂಗಳೂರ ಸಮಾಚಾರ’ ಹೊರಬಂತು. ಹದಿನೈದು ದಿನಕ್ಕೊಂದು ಸಂಚಿಕೆ, ನಾಲ್ಕು ಪುಟ, ಬೆಲೆ ಒಂದು ದುಡ್ಡು. ಆ ನಾಲ್ಕು ಪುಟಗಳಲ್ಲಿ ಇದ್ದುದನ್ನು ಇಂದಿನ ‘ಮಿನಿಸ್ಟ್ರಿ’ ಚಾನೆಲ್‌ಗಳು ಗಮನಿಸಬೇಕು: ಊರಿನ ವರ್ತಮಾನ, ಕಂಪನಿ ಸರ್ಕಾರದ ಹೊಸ ನಿರೂಪಗಳು, ಪರರಾಜ್ಯಗಳ ಸುದ್ದಿ, ಗಾದೆ, ಕಥೆ, ದಾಸರ ಪದ. ಪಾದ್ರಿಯೊಬ್ಬರು ನಡೆಸುತ್ತಿದ್ದ ಪತ್ರಿಕೆಯಲ್ಲಿ ಹರಿದಾಸರ ಹಾಡು! ಮತಪ್ರಚಾರದ ಉದ್ದೇಶ ಮೊಗ್ಲಿಂಗ್ ಅವರಿಗೆ ಇರಲಿಲ್ಲವೆಂದು ಯಾರೂ ಹೇಳುವುದಿಲ್ಲ. ಅವರು ಬಂದದ್ದೇ ಅದಕ್ಕೆ. ಆದರೆ ಓದುಗನಿಗೆ ಬೇಕಾದ್ದನ್ನು ಕೊಡದೆ ತನಗೆ ಹೇಳಬೇಕಾದ್ದನ್ನಷ್ಟೇ ಹೇಳಿದರೆ ಒಂದು ದುಡ್ಡು ಕೊಡುವವರೂ ಸಿಗುವುದಿಲ್ಲ ಎಂಬ ತಿಳಿವಳಿಕೆ ಆ ಪುಟಗಳ ಹಿಂದಿತ್ತು. ಪತ್ರಿಕೆ ಒಂದು ವರ್ಷ ತುಂಬುವ ಮೊದಲೇ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು, ಅಲ್ಲಿಯೂ ಹೆಚ್ಚು ಕಾಲ ಬಾಳಲಿಲ್ಲ. ಹಾಗಾದರೆ ಸೋಲಲ್ಲವೇ ಎಂದು ಕೇಳಬಹುದು. ಪತ್ರಿಕೆಯ ಮಟ್ಟಿಗೆ ಸೋಲೇ ಸರಿ. ಆದರೆ ಬರೆಯುವ, ಅಚ್ಚುಹಾಕುವ ಅಭ್ಯಾಸ ಸೋಲಲಿಲ್ಲ. ಅದೇ ಮಿಷನ್ ಕನ್ನಡ ಕಾವ್ಯಗಳನ್ನು ಅಚ್ಚುಹಾಕಿತು, ಶಾಲೆಗಳಿಗೆ ಪಠ್ಯಪುಸ್ತಕ ಕೊಟ್ಟಿತು, 1894ರಲ್ಲಿ ಸುಮಾರು 70 ಸಾವಿರ ಪದಗಳ ಕಿಟೆಲ್ ನಿಘಂಟನ್ನು ಪ್ರಕಟಿಸಿತು. ಆ ನಿಘಂಟನ್ನು ಇವತ್ತು ತೆರೆದು ನೋಡುವವರಲ್ಲಿ ಎಷ್ಟು ಮಂದಿ ಕ್ರೈಸ್ತರು? ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುವ ಪತ್ರಕರ್ತರಲ್ಲಿ ಎಷ್ಟು ಮಂದಿ? ಸೇವೆ ತನ್ನ ಬೇಲಿ ದಾಟಿದ್ದು ಹೀಗೆ.

ಇನ್ನು ವ್ಯಾಪಾರದ ಮಾತು. ಮತಾಂತರಗೊಂಡವರು ಜಾತಿಯೊಂದಿಗೆ ಕಸುಬನ್ನೂ ಕಳೆದುಕೊಳ್ಳುತ್ತಿದ್ದರು. ಅವರಿಗೆ ದುಡಿಮೆ ಒದಗಿಸಲೆಂದು ಮಿಷನ್ ನೇಯ್ಗೆಗೆ ಕೈಹಾಕಿತು. 1865ರಲ್ಲಿ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ಹೆಂಚಿನ ಕಾರ್ಖಾನೆ ಆರಂಭಿಸಿದರು. ಆದರೆ ಅದಕ್ಕೂ ಮೊದಲು, 1859ರಲ್ಲೇ, ಬಾಸೆಲ್ ನಗರದಲ್ಲಿ ವ್ಯಾಪಾರಕ್ಕೆಂದೇ ಷೇರು ಬಂಡವಾಳದ ಪ್ರತ್ಯೇಕ ಕಂಪನಿ ಸ್ಥಾಪನೆಯಾಗಿತ್ತು. ಕಾರ್ಖಾನೆಗಳು ಮುಂದೆ ಆ ಕಂಪನಿಯ ಕೈಗೆ ಬಂದವು. ಪಾದ್ರಿ ಪ್ರಸಂಗ ಮಾಡಬೇಕು, ವ್ಯಾಪಾರಿ ವ್ಯಾಪಾರ ಮಾಡಬೇಕು, ಇಬ್ಬರ ಲೆಕ್ಕವೂ ಬೇರೆ ಬೇರೆ ಇರಬೇಕು ಎಂಬುದು ಆ ಏರ್ಪಾಡು. ಮಂಗಳೂರು ಹೆಂಚನ್ನು ಕೊಂಡವರು ಅದರ ಬಾಳಿಕೆ ನೋಡಿ ಕೊಂಡರೇ ಹೊರತು ಹೆಂಚಿನ ಮೇಲಿನ ಮಿಷನ್ ಮುದ್ರೆಗೆ ಭಕ್ತಿಯಿಂದ ಕೈಮುಗಿದಲ್ಲ. ಯಾವ ಮತದವರ ಮನೆಯ ಮಾಡಿಗೂ ಆ ಹೆಂಚು ಹೊಂದಿತು.

ಇದಕ್ಕೆ ಎರಡು ಆಕ್ಷೇಪಗಳಿವೆ, ಎರಡೂ ಗಟ್ಟಿಯಾದವು. ಮೊದಲನೆಯದು, ಬೇರ್ಪಡೆ ಕಾಗದದ ಮೇಲಷ್ಟೇ ಇತ್ತು ಎಂಬುದು. ಕೂಲಿ ಕೊಡುವ ಕೈಯೂ ಸಭೆಗೆ ಸೇರಿಸುವ ಕೈಯೂ ಒಂದೇ ಮಿಷನ್ನಿನದಾದ್ದರಿಂದ ಕಾರ್ಮಿಕನ ನಂಬಿಕೆಯೂ ಹೊಟ್ಟೆಪಾಡೂ ಕಲಸಿಹೋಗಿದ್ದವು. ನಿಜ. ಆದರೆ ಇದು ನನ್ನ ವಾದವನ್ನು ಬಲಪಡಿಸುತ್ತದೆಯೇ ಹೊರತು ಸಡಿಲಿಸುವುದಿಲ್ಲ. ಎಲ್ಲಿ ಬೇರ್ಪಡೆ ಪೂರ್ತಿಯಾಗಲಿಲ್ಲವೋ ಅಲ್ಲಿಯೇ ಆ ಮಿಷನ್ ಹೆಚ್ಚು ಟೀಕೆಗೆ ಗುರಿಯಾಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಕಂಪನಿಯ ಆಸ್ತಿಯನ್ನು ವಶಪಡಿಸಿಕೊಂಡಾಗಲೂ ಸಭೆಗಳು ಉಳಿದವು, ಶಾಲೆಗಳು ಉಳಿದವು. ಎರಡನೆಯ ಆಕ್ಷೇಪ: ಯುರೋಪಿನ ದಾನಿಗಳ ಹಣವಿದ್ದಾಗ ಉಚಿತವಾಗಿ ಬರೆಯುವುದು ಸುಲಭ, ಸಣ್ಣ ಸಭೆಯ ಪಾಸ್ಟರ್ ಏನು ಮಾಡಬೇಕು? ಹಣ ಬೇಡ ಎಂದು ನಾನು ಹೇಳುತ್ತಿಲ್ಲ. ಮಿಷನ್ನಿನ ವಾರ್ಷಿಕ ವರದಿಗಳಲ್ಲಿ ದಾನಿಗಳ ಪಟ್ಟಿ ಅಚ್ಚಾಗುತ್ತಿತ್ತು. ಕೊಟ್ಟವರಾರು ಎಂಬುದು ಓದುಬಲ್ಲ ಯಾರಿಗೂ ತಿಳಿಯುವಂತಿತ್ತು. ಇಂದಿನ ಎಷ್ಟು ಚಾನೆಲ್‌ಗಳು ಅಷ್ಟನ್ನಾದರೂ ಮಾಡುತ್ತಿವೆ?

ಸೇವೆಗೂ ವ್ಯಾಪಾರಕ್ಕೂ ನಡುವಿನ ಗೋಡೆ ಕೆಡವಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಜಿಮ್ ಬೇಕರ್ ಪ್ರಕರಣ ಕಣ್ಣಮುಂದಿದೆ. ಪಿಟಿಎಲ್ ಎಂಬ ಟಿ.ವಿ. ಸೇವೆಯಿಂದ ಮನೆಮಾತಾದ ಬೇಕರ್, ದಕ್ಷಿಣ ಕೆರೊಲಿನಾದಲ್ಲಿ ‘ಹೆರಿಟೇಜ್ ಯುಎಸ್‌ಎ’ ಎಂಬ ಕ್ರೈಸ್ತ ವಿಹಾರಧಾಮ ಕಟ್ಟಿದರು. ಸಾವಿರ ಡಾಲರ್ ಕೊಟ್ಟವರಿಗೆ ಬದುಕಿರುವವರೆಗೆ ಪ್ರತಿವರ್ಷ ಮೂರು ರಾತ್ರಿ ಅಲ್ಲಿ ತಂಗುವ ಅವಕಾಶ. ಇದು ಕಾಣಿಕೆಯೋ ಹೋಟೆಲ್ ಬುಕಿಂಗೋ? ಎರಡೂ ಹೌದು, ಎರಡೂ ಅಲ್ಲ. ಹೋಟೆಲಿನ ಕೋಣೆಗಳಿಗೆ ಹಿಡಿಸಲಾರದಷ್ಟು ಪಾಲುಗಳು ಮಾರಾಟವಾದವು. 1987ರಲ್ಲಿ ಅವರು ರಾಜೀನಾಮೆ ಕೊಟ್ಟರು, 1989ರಲ್ಲಿ 24 ಆರೋಪಗಳಲ್ಲಿ ಅಪರಾಧಿ ಎಂದು ತೀರ್ಮಾನವಾಯಿತು. ಮೊದಲು ವಿಧಿಸಿದ 45 ವರ್ಷಗಳ ಶಿಕ್ಷೆ ಬಳಿಕ ಕಡಿಮೆಯಾಗಿ 1994ರಲ್ಲಿ ಬಿಡುಗಡೆಯಾದರು. ಕಥೆ ಅಲ್ಲಿಗೂ ಮುಗಿಯಲಿಲ್ಲ. 2020ರಲ್ಲಿ, ಜಗತ್ತು ಕೊರೊನಾಗೆ ನಡುಗುತ್ತಿದ್ದಾಗ, ಅವರ ಕಾರ್ಯಕ್ರಮದಲ್ಲಿ ಬೆಳ್ಳಿಯ ದ್ರಾವಣವೊಂದು ಮಾರಾಟಕ್ಕಿತ್ತು. ಅದನ್ನು ಸೋಂಕಿಗೆ ಮದ್ದೆಂದು ಬಿಂಬಿಸಲಾಗುತ್ತಿದೆ ಎಂದು ಮಿಸೌರಿ ರಾಜ್ಯ ಮೊಕದ್ದಮೆ ಹೂಡಿತು. ಮರುವರ್ಷ, ತಪ್ಪೊಪ್ಪಿಗೆ ಇಲ್ಲದ ರಾಜಿಯಲ್ಲಿ, ಕೊಂಡವರಿಗೆ ಸುಮಾರು 1.56 ಲಕ್ಷ ಡಾಲರ್ ಹಿಂತಿರುಗಿಸಲು ಒಪ್ಪಬೇಕಾಯಿತು. ಒಬ್ಬ ಮನುಷ್ಯನ ಲೋಭ ಎಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ನೋಡುಗನ ನಂಬಿಕೆಯನ್ನೇ ಸರಕಿನ ಖಾತರಿ ಪತ್ರವನ್ನಾಗಿ ಮಾಡುವ ಏರ್ಪಾಡು ಇರುವತನಕ ಲೋಭವಿಲ್ಲದವರೂ ಜಾರುತ್ತಾರೆ. ಬೇಕರ್ ಅವರದು ಜಾರಿದವರ ದೊಡ್ಡ ಹೆಸರು, ಅಷ್ಟೆ.

ಅದೇ ಅಮೆರಿಕದಲ್ಲಿ ಇನ್ನೊಂದು ದಾರಿಯೂ ಕಾಣಸಿಗುತ್ತದೆ. ಒಕ್ಲಹೋಮದ ಲೈಫ್ ಚರ್ಚ್ 2007ರಲ್ಲಿ ‘ಯೂವರ್ಷನ್’ ಎಂಬ ತಾಣ ತೆರೆದಾಗ ಅದು ಹೆಚ್ಚು ಜನರನ್ನು ಸೆಳೆಯಲಿಲ್ಲ. ಮರುವರ್ಷ ಅದನ್ನೇ ಮೊಬೈಲ್ ಆ್ಯಪ್ ಮಾಡಿ, ಜಾಹೀರಾತಿಲ್ಲದೆ, ಪೂರ್ತಿ ಉಚಿತವಾಗಿ ಕೊಟ್ಟರು. 2021ರ ಹೊತ್ತಿಗೆ ಅದು 50 ಕೋಟಿ ಬಾರಿ ಇನ್‌ಸ್ಟಾಲ್ ಆಗಿತ್ತು. ಕನ್ನಡ ಸತ್ಯವೇದವೂ ಅದರಲ್ಲಿದೆ. ಖರ್ಚು ದಾನದಿಂದ ನಡೆಯುತ್ತದೆ, ಓದುಗನಿಗೆ ಏನನ್ನೂ ಮಾರುವುದಿಲ್ಲ. ದೊಡ್ಡ ಚರ್ಚಿನ ಬೆಂಬಲವಿದ್ದುದರಿಂದ ಇದು ಸಾಧ್ಯವಾಯಿತು, ಸಣ್ಣವರಿಗೆ ಮಾದರಿಯಲ್ಲ ಎಂಬ ಮಾತಿನಲ್ಲಿ ಹುರುಳಿದೆ. ಆದರೆ ಸಣ್ಣವರು ಅನುಕರಿಸಬೇಕಾದ್ದು ಅದರ ಗಾತ್ರವನ್ನಲ್ಲ, ಓದುವವನಿಗೆ ಏನನ್ನೂ ಮಾರದೆ ಇರುವ ಆ ಶಿಸ್ತನ್ನು.

ನಮ್ಮಲ್ಲಿ ನಡೆಯುತ್ತಿರುವುದು ಇದರ ತಿರುವುಮುರುವು. ನೇರಪ್ರಸಾರದ ಪರದೆಯ ಒಂದು ಮೂಲೆಯಲ್ಲಿ ಕ್ಯೂಆರ್ ಕೋಡ್, ಕೆಳಗೆ ಓಡುವ ಪಟ್ಟಿಯಲ್ಲಿ ಪ್ರಾರ್ಥನಾ ವಿನಂತಿಗೆ ನಂಬರ್, ನಡುನಡುವೆ ಸೂಪರ್ ಚಾಟ್ ಕಳಿಸಿದವರ ಹೆಸರು ಹಿಡಿದು ಆಶೀರ್ವಾದ. ಸೂಪರ್ ಚಾಟ್‌ನಲ್ಲಿ ಬಂದ ಪ್ರತಿ ನೂರು ರೂಪಾಯಿ ಕಾಣಿಕೆಯಲ್ಲಿ ಮೂವತ್ತನ್ನು ಯೂಟ್ಯೂಬ್ ಹಿಡಿದುಕೊಳ್ಳುತ್ತದೆ ಎಂಬುದು ಕೊಡುವ ಅಜ್ಜಿಗೆ ಗೊತ್ತೇ? ಪಡೆಯುವವರಿಗೆ ಖಂಡಿತ ಗೊತ್ತು. ಮೇಲಾಗಿ ಈ ಜಾಗವೆಲ್ಲ ಬಾಡಿಗೆಯದು. ಆರ್ಕುಟ್ 2014ರಲ್ಲಿ ಬಾಗಿಲು ಹಾಕಿತು. 2018ರ ಆರಂಭದಲ್ಲಿ ಫೇಸ್‌ಬುಕ್, ಸಂಸ್ಥೆಗಳ ಪೋಸ್ಟ್‌ಗಳಿಗಿಂತ ಬಂಧುಮಿತ್ರರ ಪೋಸ್ಟ್‌ಗಳಿಗೆ ಆದ್ಯತೆ ಎಂದು ಘೋಷಿಸಿತು, ಪುಟ ನಡೆಸುತ್ತಿದ್ದವರು ಕಂಗಾಲಾದರು. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ ಅದನ್ನೇ ನಂಬಿದ್ದವರ ಅನುಯಾಯಿಗಳೆಲ್ಲ ಒಂದೇ ಏಟಿಗೆ ಕೈಬಿಟ್ಟುಹೋದರು. ಹಾಗೆಂದು ಯೂಟ್ಯೂಬ್ ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಸ್ವಂತ ಹೆಸರಿನ ತಾಣದಲ್ಲಿ ಸ್ವಂತ ಬರಹ ಇರಬೇಕು, ವಿಡಿಯೊ ಅದರ ಕಡೆಗೆ ಕೈತೋರಿಸಬೇಕು ಎಂಬುದಷ್ಟೇ ಇಲ್ಲಿನ ಮಾತು.

ಕನ್ನಡಿಗರು ಈಗ ಓದುವುದಿಲ್ಲ, ನೋಡುತ್ತಾರೆ ಎಂಬ ಉತ್ತರ ತಕ್ಷಣ ಬರುತ್ತದೆ. ಪ್ರಸಂಗದ ಮಟ್ಟಿಗೆ ಹೌದು. ಆದರೆ ಗಂಡ ತೀರಿಹೋದ ಕ್ರೈಸ್ತ ಹೆಣ್ಣುಮಗಳೊಬ್ಬಳು ತನ್ನ ಪಾಲೆಷ್ಟು ಎಂದು ತಿಳಿಯಬೇಕಾದರೆ ಒಂದು ಗಂಟೆಯ ವಿಡಿಯೊ ನೋಡುತ್ತಾ ಕೂರುವುದಿಲ್ಲ. ಮಕ್ಕಳಿದ್ದು, ಉಯಿಲು ಇಲ್ಲದಿದ್ದರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವಳಿಗೆ ಮೂರನೆಯ ಒಂದು ಭಾಗ. ಉಳಿದದ್ದು ಗಂಡು ಹೆಣ್ಣೆನ್ನದೆ ಮಕ್ಕಳಿಗೆ ಸಮಪಾಲು. ಇಷ್ಟನ್ನು ಸರಳ ಕನ್ನಡದಲ್ಲಿ ಬರೆದಿಟ್ಟ ಸಭೆ ಆ ವಾರ ಅವಳಿಗೆ ಮಾಡಿದ ಸೇವೆ ಹತ್ತು ಪ್ರಸಂಗಕ್ಕೆ ಕಡಿಮೆಯದಲ್ಲ. 1872ರ ಕ್ರೈಸ್ತ ವಿವಾಹ ಕಾಯ್ದೆಯಡಿ ಮದುವೆಗೆ ಏನೇನು ದಾಖಲೆ ಬೇಕು, ದೀಕ್ಷಾಸ್ನಾನದ ಪ್ರಮಾಣಪತ್ರ ಕಳೆದುಹೋದರೆ ಯಾರನ್ನು ಕೇಳಬೇಕು, ಊರ ಹಳೆಯ ಸ್ಮಶಾನದ ಕಥೆ ಏನು: ಬರೆಯಲು ವಿಷಯ ಬೇಕಾದಷ್ಟಿದೆ. ಮೊಗ್ಲಿಂಗ್ ಅವರು ಕಂಪನಿ ಸರ್ಕಾರದ ನಿರೂಪ ಅಚ್ಚುಹಾಕಿದ್ದೂ ಈ ಲೆಕ್ಕದಲ್ಲೇ. ಕೃತಕ ಬುದ್ಧಿಮತ್ತೆಯ ಯಂತ್ರಗಳು ನಿಮಿಷಕ್ಕೊಂದು ಧ್ಯಾನ ಲೇಖನ ಉದುರಿಸುವ ಈ ಕಾಲದಲ್ಲಿ ಊರು, ಜನ, ಕಾನೂನು ಗೊತ್ತಿದ್ದು ಬರೆದವರಿಗೆ ಬೆಲೆ ಹೆಚ್ಚೇ ಆಗುತ್ತದೆ.

ಉದ್ಯಮಕ್ಕೂ ಇದೇ ಮಾತು. ಮಂಗಳೂರಿನಲ್ಲಿ ಕ್ರಿಸ್ಮಸ್ ಸಮೀಪಿಸಿದಾಗ ಮನೆಮನೆಗಳಲ್ಲಿ ಕುಸ್ವಾರ್ ಎಂಬ ಹಬ್ಬದ ತಿಂಡಿ ತಯಾರಾಗುತ್ತದೆ. ಈಗ ಅದು ಆನ್‌ಲೈನ್ ಸರಕೂ ಹೌದು. ಡಬ್ಬಿಯ ಮೇಲೆ ಬೈಬಲ್ ವಾಕ್ಯ ಅಚ್ಚುಹಾಕಿ ‘ದೇವಜನರ ಉದ್ಯಮ ಬೆಂಬಲಿಸಿ’ ಎನ್ನುವವರು ಒಂದು ಬಗೆ. ನೆವ್ರಿಯ ಹೂರಣಕ್ಕೆ ಏನು ಹಾಕಿದ್ದೇವೆ, ಯಾವ ಎಣ್ಣೆಯಲ್ಲಿ ಕರಿದಿದ್ದೇವೆ, ಎಷ್ಟು ದಿನ ಕೆಡದೆ ಇರುತ್ತದೆ, ದುಬೈಗೆ ಹಬ್ಬದೊಳಗೆ ತಲುಪಬೇಕಾದರೆ ಯಾವ ದಿನದೊಳಗೆ ಆರ್ಡರ್ ಕೊಡಬೇಕು ಎಂದು ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನಂಬರ್ ಸಮೇತ ಬರೆಯುವವರು ಇನ್ನೊಂದು ಬಗೆ. ಎರಡನೆಯವರ ನಂಬಿಕೆ ಮೊದಲನೆಯವರಿಗಿಂತ ಕಡಿಮೆಯೆಂದು ಯಾರೂ ಹೇಳಲಾರರು. ಪೌಲನು ಗುಡಾರ ಮಾಡುವ ಕಸುಬಿನವನು. ಸಭೆಗಳಿಗೆ ಭಾರವಾಗಬಾರದೆಂದೇ ದುಡಿದವನು. ಗುಡಾರ ಮಾರಲು ಅವನು ಅಪೊಸ್ತಲ ಪದವಿಯನ್ನು ಬಳಸಿಕೊಂಡ ಸುಳಿವು ಹೊಸ ಒಡಂಬಡಿಕೆಯಲ್ಲಿ ಎಲ್ಲಿಯೂ ಇಲ್ಲ.

ಇದು ಬರೀ ನೀತಿಯ ಮಾತಲ್ಲ, ಕಾನೂನಿನ ಮಾತೂ ಹೌದು. ಧಾರ್ಮಿಕ ಅಥವಾ ದತ್ತಿ ಟ್ರಸ್ಟ್ ವ್ಯಾಪಾರ ನಡೆಸಿದರೆ ಅದು ಮೂಲ ಉದ್ದೇಶಕ್ಕೆ ಪೂರಕವಾಗಿರಬೇಕು, ಅದಕ್ಕೆ ಪ್ರತ್ಯೇಕ ಲೆಕ್ಕಪುಸ್ತಕ ಇರಬೇಕು ಎಂದು 1961ರ ಆದಾಯ ತೆರಿಗೆ ಕಾಯ್ದೆಯ 11(4ಎ) ಉಪಕಲಮು ಸ್ಪಷ್ಟವಾಗಿಯೇ ಹೇಳಿತು. ವಿದೇಶಿ ದೇಣಿಗೆಯದು ಇನ್ನೂ ಸೂಕ್ಷ್ಮ. ಗಲ್ಫ್‌ನಲ್ಲಿ ದುಡಿಯುವ, ಭಾರತದ ಪಾಸ್‌ಪೋರ್ಟ್ ಇರುವ ಕನ್ನಡಿಗ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆಯಲ್ಲ. ಅವನ ತಮ್ಮ ಕೆನಡಾದ ಪೌರತ್ವ ಪಡೆದಿದ್ದರೆ ಅವನು ಕಳಿಸಿದ್ದು ವಿದೇಶಿ ದೇಣಿಗೆ. ಅದಕ್ಕೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ನಂತರ ಹಣ ನವದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಪಾಸ್ಟರ್ ತಮ್ಮ ಸ್ವಂತ ಖಾತೆಯ ವಿವರವನ್ನು ಜಗತ್ತಿಗೆಲ್ಲ ತೋರಿಸುವಾಗ ಈ ಅಣ್ಣತಮ್ಮಂದಿರನ್ನು ಬೇರ್ಪಡಿಸುವವರು ಯಾರು?

ಮತಾಂತರದ ಸಂಶಯವನ್ನೂ ಮರೆಯುವಂತಿಲ್ಲ. ಕರ್ನಾಟಕದಲ್ಲಿ 2022ರಲ್ಲಿ ಬಂದ ಮತಾಂತರ ತಡೆ ಕಾಯ್ದೆ ಉಡುಗೊರೆ, ಹಣ, ಉದ್ಯೋಗಗಳನ್ನೆಲ್ಲ ಆಮಿಷದ ವ್ಯಾಖ್ಯೆಯೊಳಗೆ ತಂದಿತು. 2023ರ ಜೂನ್‌ನಲ್ಲಿ ಸಂಪುಟ ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ಆ ಕಾಯ್ದೆ ನ್ಯಾಯವೇ ಎಂಬ ಚರ್ಚೆ ಬೇರೆ. ಅದರ ದುರ್ಬಳಕೆಯ ಭಯ ಸಣ್ಣ ಸಭೆಗಳಿಗೆ ಇದ್ದೇ ಇದೆ. ಆದರೆ ಒಂದೇ ವಿಡಿಯೊದಲ್ಲಿ ಸುವಾರ್ತೆಯನ್ನೂ, ‘ಸೇರಿದರೆ ಆದಾಯ’ ಎನ್ನುವ ಮಾರುಕಟ್ಟೆ ಯೋಜನೆಯನ್ನೂ ಬೆರೆಸಿದವರು ಸಂಶಯಪಡುವವರ ಕೈಗೆ ತಾವೇ ಸಾಕ್ಷ್ಯ ಕೊಡುತ್ತಿದ್ದಾರೆ. ಹಾಗೆ ಮಾಡದ ನೂರು ಪ್ರಾಮಾಣಿಕ ಸಭೆಗಳು ಅದರ ಬೆಲೆ ತೆರಬೇಕಾಗುತ್ತದೆ.

ಮಾರ್ಚ್ ಕೊನೆಗೆ ಸಭೆಗಳು ಹೇಗೂ ವರ್ಷದ ಲೆಕ್ಕ ಮುಗಿಸುತ್ತವೆ. ಬಂದ ಕಾಣಿಕೆ ಎಷ್ಟು, ಪುಸ್ತಕ ಮತ್ತು ಶಿಬಿರದ ಮಾರಾಟ ಎಷ್ಟು, ಸಭಾಪಾಲಕರ ಸಂಬಳ ಎಷ್ಟು ಎಂಬ ಮೂರು ಅಂಕಿಗಳನ್ನು ಕನ್ನಡದಲ್ಲಿ, ಬೇರೆ ಬೇರೆ ಸಾಲಿನಲ್ಲಿ, ಎಲ್ಲರಿಗೂ ಕಾಣುವಂತೆ ಪ್ರಕಟಿಸಲಿ. ಕೊಡುವ ವಿಶ್ವಾಸಿಗಳೂ ಆ ಮೂರು ಸಾಲು ಕಾಣುವತನಕ ಮೊಬೈಲ್‌ನಲ್ಲಿ ಹಣ ಕಳಿಸದೆ ಇರಲಿ.