‘ದೇಶದ ಶೇ. 83ರಷ್ಟು ಯುವಕರಿಗೆ ಕೆಲಸವಿಲ್ಲ’: ಈ ಸಂದೇಶದ ಲೆಕ್ಕ ತಪ್ಪಿದ್ದೆಲ್ಲಿ?

ನಿರುದ್ಯೋಗದ ಬಗ್ಗೆ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಹರಿದಾಡುತ್ತಿರುತ್ತವೆ. ಒಂದು, ‘ದೇಶದ ಶೇ. 83ರಷ್ಟು ಯುವಕರು ನಿರುದ್ಯೋಗಿಗಳು’ ಎನ್ನುವುದು. ಇನ್ನೊಂದು, ‘ನಿರುದ್ಯೋಗ ಬರೀ ಶೇ. 3.2. ಕೆಲಸ ಬೇಕಾದಷ್ಟಿದೆ, ಈಗಿನ ಹುಡುಗರಿಗೆ ಮೈಬಗ್ಗಿಸಿ ದುಡಿಯಲು ಮನಸ್ಸಿಲ್ಲ’ ಎನ್ನುವುದು. ಎರಡರಲ್ಲೂ ಇರುವ ಅಂಕಿ ನಿಜವಾದ ವರದಿಗಳಿಂದಲೇ ಬಂದದ್ದು. ಅದಕ್ಕೆ ಕಟ್ಟಿದ ಅರ್ಥ ಮಾತ್ರ ತಪ್ಪು. ಒಂದೊಂದಾಗಿ ನೋಡೋಣ.

ಶೇ. 83 ಎಲ್ಲಿಂದ ಬಂತು?

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ದೆಹಲಿಯ ಇನ್‌ಸ್ಟಿಟ್ಯೂಟ್ ಫಾರ್ ಹ್ಯೂಮನ್ ಡೆವಲಪ್‌ಮೆಂಟ್ ಸೇರಿ 2024ರಲ್ಲಿ ಭಾರತದ ಉದ್ಯೋಗ ಸ್ಥಿತಿಯ ಬಗ್ಗೆ ಒಂದು ವರದಿ ಹೊರತಂದವು. ಅದರ ಪ್ರಕಾರ, ದೇಶದ ಒಟ್ಟು ನಿರುದ್ಯೋಗಿಗಳಲ್ಲಿ ಸುಮಾರು ಶೇ. 83 ಮಂದಿ ಯುವಜನರು. ಯುವಜನರಲ್ಲಿ ಶೇ. 83 ಮಂದಿ ನಿರುದ್ಯೋಗಿಗಳು ಎಂದು ವರದಿ ಹೇಳಿಲ್ಲ.

ವ್ಯತ್ಯಾಸ ತಿಳಿಯಲು ಒಂದು ಉದಾಹರಣೆ. ಒಂದು ಶಾಲೆಯಲ್ಲಿ ಆರು ಮಂದಿ ನಪಾಸಾದರು, ಅವರಲ್ಲಿ ಐವರು ಹುಡುಗರು ಎಂದುಕೊಳ್ಳಿ. ನಪಾಸಾದವರಲ್ಲಿ ಹುಡುಗರ ಪಾಲು ಶೇ. 83. ಆದರೆ ಶಾಲೆಯಲ್ಲಿ 200 ಹುಡುಗರಿದ್ದರೆ, ನಪಾಸಾದವರು 200ರಲ್ಲಿ ಐವರು ಮಾತ್ರ.

ಹಾಗಾದರೆ ಯುವಜನರ ನಿಜವಾದ ನಿರುದ್ಯೋಗ ದರ ಎಷ್ಟು? ಕೇಂದ್ರ ಸರ್ಕಾರದ ಪಿಎಲ್‌ಎಫ್‌ಎಸ್ ಸಮೀಕ್ಷೆಯ ಪ್ರಕಾರ 2023-24ರಲ್ಲಿ 15ರಿಂದ 29 ವರ್ಷದವರಲ್ಲಿ ಅದು ಶೇ. 10.2. ಇದನ್ನು ಬಿಡಿಸಿ ಹೇಳುವುದಾದರೆ, ಈ ವಯಸ್ಸಿನ 100 ಮಂದಿಯಲ್ಲಿ ಸುಮಾರು 42 ಮಂದಿ ಕೆಲಸದಲ್ಲಿದ್ದರು. ಸುಮಾರು ಐವರು ಕೆಲಸ ಬೇಕೆಂದಿದ್ದರೂ ಸಿಗದವರು. ಉಳಿದವರು ಓದುತ್ತಿದ್ದವರು, ಮನೆಗೆಲಸದಲ್ಲಿದ್ದವರು ಅಥವಾ ಬೇರೆ ಕಾರಣಕ್ಕೆ ಕೆಲಸ ಬಯಸದವರು. ನಿರುದ್ಯೋಗ ದರ ಲೆಕ್ಕ ಹಾಕುವಾಗ ಈ ಮೂರನೆಯ ಗುಂಪನ್ನು ಸೇರಿಸುವುದಿಲ್ಲ.

ಶೇ. 3.2 ಎಂದರೆ ನೆಮ್ಮದಿಯೇ?

ಎರಡನೇ ಸಂದೇಶದ ಅಂಕಿಯೂ ಅದೇ ಸಮೀಕ್ಷೆಯದು. 15 ವರ್ಷ ಮೇಲ್ಪಟ್ಟ ಎಲ್ಲರನ್ನೂ ಸೇರಿಸಿದರೆ 2023-24ರ ದರ ಶೇ. 3.2. ಯುವಜನರದ್ದು ಅದರ ಮೂರು ಪಟ್ಟು. ಎಲ್ಲ ವಯಸ್ಸಿನವರ ಸರಾಸರಿ ತೆಗೆದಾಗ ಯುವಕರ ಕಷ್ಟ ಅದರೊಳಗೆ ಮುಚ್ಚಿಹೋಗುತ್ತದೆ.

‘ಕೆಲಸದಲ್ಲಿದ್ದಾರೆ’ ಎಂಬ ಮಾತಿಗೆ ಸಮೀಕ್ಷೆಯಲ್ಲಿ ಇರುವ ಅರ್ಥವೂ ನಾವು ದಿನನಿತ್ಯ ಬಳಸುವ ಅರ್ಥಕ್ಕಿಂತ ಅಗಲವಾದದ್ದು. ಅಪ್ಪನ ಹೊಲದಲ್ಲಿ ಅಥವಾ ಚಿಕ್ಕಪ್ಪನ ಅಂಗಡಿಯಲ್ಲಿ ಸಂಬಳವಿಲ್ಲದೆ ಕೈಜೋಡಿಸುವ ಮನೆಮಗನೂ ಕೆಲಸದಲ್ಲಿದ್ದಾನೆ ಎಂದೇ ಲೆಕ್ಕ. ಹಿಂದಿನ ಒಂದು ವರ್ಷದಲ್ಲಿ 30 ದಿನ ದುಡಿದಿದ್ದರೂ ಸಾಕು, ಈ ಶೇ. 3.2ರ ಲೆಕ್ಕದಲ್ಲಿ ಆತ ನಿರುದ್ಯೋಗಿಯಲ್ಲ.

ಇದರ ಪರಿಣಾಮ ಕೋವಿಡ್ ಕಾಲದಲ್ಲಿ ಕಂಡಿತು. 2018-19ರಲ್ಲಿ ಶೇ. 5.8ರಷ್ಟಿದ್ದ ವಾರ್ಷಿಕ ನಿರುದ್ಯೋಗ ದರ 2019-20ರಲ್ಲಿ ಶೇ. 4.8ಕ್ಕೆ, 2020-21ರಲ್ಲಿ ಶೇ. 4.2ಕ್ಕೆ ಇಳಿಯಿತು. ಊರೆಲ್ಲ ಬಾಗಿಲು ಹಾಕಿದ್ದಾಗ ನಿರುದ್ಯೋಗ ಕಡಿಮೆಯಾಗಲು ಸಾಧ್ಯವೇ? ಉತ್ತರ ಕೃಷಿಯ ಅಂಕಿಯಲ್ಲಿದೆ. ದುಡಿಯುವವರಲ್ಲಿ ಕೃಷಿಯಲ್ಲಿರುವವರ ಪಾಲು ಇದೇ ಅವಧಿಯಲ್ಲಿ ಶೇ. 42.5ರಿಂದ 46.5ಕ್ಕೆ ಏರಿತು. ಬೆಂಗಳೂರು, ಮುಂಬೈ, ಸೂರತ್‌ನಂಥ ನಗರಗಳಲ್ಲಿ ಕೆಲಸ ಕಳೆದುಕೊಂಡು ಊರಿಗೆ ಮರಳಿದ ಎಷ್ಟೋ ಮಂದಿಗೆ ಹೊಲವೇ ಆಸರೆಯಾಯಿತು. ಲೆಕ್ಕದ ಪುಸ್ತಕದಲ್ಲಿ ಅವರು ಉದ್ಯೋಗಿಗಳು. ಆದರೆ ನಾಲ್ವರು ಮಾಡುತ್ತಿದ್ದ ಹೊಲದ ಕೆಲಸವನ್ನು ಆರು ಮಂದಿ ಹಂಚಿಕೊಂಡರೆ ಬೆಳೆಯೂ ಹೆಚ್ಚುವುದಿಲ್ಲ, ಮನೆಯ ವರಮಾನವೂ ಹೆಚ್ಚುವುದಿಲ್ಲ.

ಹುಡುಗರು ಸೋಮಾರಿಗಳೇ?

ಮೊದಲಿಗೆ, ನಿಜವಾದ ಸೋಮಾರಿ ನಿರುದ್ಯೋಗಿಗಳ ಲೆಕ್ಕಕ್ಕೇ ಬರುವುದಿಲ್ಲ. ಕೆಲಸ ಹುಡುಕುತ್ತಿರುವವರನ್ನು ಅಥವಾ ಸಿಕ್ಕರೆ ಮಾಡಲು ಸಿದ್ಧರಿರುವವರನ್ನು ಮಾತ್ರ ನಿರುದ್ಯೋಗಿ ಎಂದು ಎಣಿಸಲಾಗುತ್ತದೆ.

ಎರಡನೆಯದಾಗಿ, 2020ರ ಅಂಕಿಗಳನ್ನು ನೋಡಿ. ನಗರ ಪ್ರದೇಶದ 15ರಿಂದ 29 ವರ್ಷದವರ ನಿರುದ್ಯೋಗ ದರ ಜನವರಿ-ಮಾರ್ಚ್‌ನಲ್ಲಿ ಶೇ. 21.1 ಇತ್ತು. ಏಪ್ರಿಲ್-ಜೂನ್‌ನಲ್ಲಿ ಅದು ಶೇ. 34.7ಕ್ಕೆ ಜಿಗಿಯಿತು. (ಇಲ್ಲಿ ಇಡೀ ವರ್ಷದ ಬದಲು ಹಿಂದಿನ ಒಂದು ವಾರದ ಸ್ಥಿತಿಯನ್ನು ಕೇಳುವುದರಿಂದ ಅಂಕಿ ದೊಡ್ಡದಾಗಿ ಕಾಣುತ್ತದೆ.) ಮೂರೇ ತಿಂಗಳಲ್ಲಿ ಇಷ್ಟು ಹುಡುಗ ಹುಡುಗಿಯರು ಸೋಮಾರಿಗಳಾಗಲು ಸಾಧ್ಯವಿಲ್ಲ. ಬದಲಾದದ್ದು ಅವರ ಸ್ವಭಾವವಲ್ಲ, ಕೆಲಸದ ಲಭ್ಯತೆ.

ಹಿಂಜರಿತದ ಹೊಡೆತ ಯುವಕರಿಗೇ ಮೊದಲು ಬೀಳಲು ಕಾರಣಗಳಿವೆ. ವ್ಯಾಪಾರ ಕುಸಿದಾಗ ಕಂಪನಿಗಳು ಇದ್ದವರನ್ನು ತೆಗೆಯುವ ಮುಂಚೆ ಹೊಸಬರನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸುತ್ತವೆ. ಆ ವರ್ಷ ಕಾಲೇಜು ಮುಗಿಸಿದವರಿಗೆ ಬಾಗಿಲೇ ತೆರೆಯುವುದಿಲ್ಲ. ತೆಗೆಯಲೇಬೇಕಾದಾಗಲೂ ಪ್ರೊಬೇಷನ್‌ನಲ್ಲಿ, ಗುತ್ತಿಗೆಯಲ್ಲಿ ಇರುವವರು ಮೊದಲು ಹೊರಗೆ ಹೋಗುತ್ತಾರೆ. ಅವರಲ್ಲಿ ಬಹಳಷ್ಟು ಮಂದಿ ಹೊಸಬರೇ. ಹೀಗೆ ಕೆಲಸ ಕಳೆದುಕೊಂಡ ಅನುಭವಿಗಳು ಫ್ರೆಷರ್‌ಗಳ ಹುದ್ದೆಗೂ ಅರ್ಜಿ ಹಾಕತೊಡಗಿದಾಗ ಫ್ರೆಷರ್‌ಗಳ ಸರದಿ ಇನ್ನೂ ಹಿಂದಕ್ಕೆ ಹೋಗುತ್ತದೆ.

ಓದಿದವರಿಗೇ ಹೆಚ್ಚು ಕಷ್ಟ ಏಕೆ?

ಮೇಲೆ ಹೇಳಿದ 2024ರ ವರದಿಯಲ್ಲಿ ಇನ್ನೊಂದು ಅಂಕಿ ಇದೆ. 2022ರಲ್ಲಿ ಓದು ಬರಹ ಬಾರದ ಯುವಜನರಲ್ಲಿ ನಿರುದ್ಯೋಗ ಶೇ. 3.4, ಪದವೀಧರ ಯುವಜನರಲ್ಲಿ ಶೇ. 29.1. ‘ಓದಿ ಏನು ಪ್ರಯೋಜನ’ ಎಂದು ಕೆಲವರು ಇದನ್ನು ಹಂಚುವುದುಂಟು. ಆದರೆ ಓದಿಲ್ಲದ ಬಡ ಮನೆಯ ಯುವಕನಿಗೆ ಕೂತು ಕಾಯುವ ಅನುಕೂಲವೇ ಇರುವುದಿಲ್ಲ. ಆತ ಅಂದಂದಿನ ಕೂಲಿ ಎಷ್ಟೇ ಕಡಿಮೆಯಿದ್ದರೂ ಹೋಗುತ್ತಾನೆ. ಸಾಲ ಮಾಡಿ ಓದಿಸಿದ ಮನೆಯ ಪದವೀಧರೆ ಓದಿಗೆ ತಕ್ಕ ಕೆಲಸಕ್ಕಾಗಿ ಕಾಯುತ್ತಾಳೆ, ಸ್ಪರ್ಧಾತ್ಮಕ ಪರೀಕ್ಷೆ ಬರೆಯುತ್ತಾಳೆ. ಓದಿದವರ ಸಂಖ್ಯೆ ಏರಿದಷ್ಟು ಅಂಥ ಹುದ್ದೆಗಳು ಏರಿಲ್ಲ ಎನ್ನುವುದನ್ನು ಈ ಅಂಕಿ ತೋರಿಸುತ್ತದೆ.

ಹಿಂಜರಿತ ಮುಗಿದರೆ ಎಲ್ಲ ಸರಿಹೋಗುತ್ತದೆಯೇ?

ಕೂಡಲೇ ಅಲ್ಲ. ಹಿಂಜರಿತದ ವರ್ಷದಲ್ಲಿ ಕಾಲೇಜು ಮುಗಿಸಿದ ಕೆನಡಾದ ಪದವೀಧರರ ಬಗ್ಗೆ 2012ರಲ್ಲಿ ಪ್ರಕಟವಾದ ಅಧ್ಯಯನ ಪ್ರಸಿದ್ಧ. ಒಳ್ಳೆಯ ಕಾಲದಲ್ಲಿ ಮುಗಿಸಿದವರಿಗೆ ಹೋಲಿಸಿದರೆ ಅವರ ಗಳಿಕೆ ಆರಂಭದಲ್ಲಿ ಸುಮಾರು ಶೇ. 9 ಕಡಿಮೆ ಇತ್ತು. ಐದು ವರ್ಷದಲ್ಲಿ ಆ ಅಂತರ ಅರ್ಧವಾಯಿತು, ಪೂರ್ತಿ ಅಳಿಯಲು ಸುಮಾರು ಹತ್ತು ವರ್ಷ ಹಿಡಿಯಿತು. ಜಪಾನ್‌ನಲ್ಲಿ 1990ರ ದಶಕದ ಕುಸಿತದ ಕಾಲದಲ್ಲಿ ಓದು ಮುಗಿಸಿದವರನ್ನು ‘ಉದ್ಯೋಗ ಹಿಮಯುಗ’ದ ಪೀಳಿಗೆ ಎಂದೇ ಕರೆಯುತ್ತಾರೆ. ಆ ಪೀಳಿಗೆ ನಡುವಯಸ್ಸಿಗೆ ಬಂದ ಮೇಲೂ, 2019ರಲ್ಲಿ ಅಲ್ಲಿನ ಸರ್ಕಾರ ಅವರಿಗಾಗಿಯೇ ನೆರವಿನ ಕಾರ್ಯಕ್ರಮ ಪ್ರಕಟಿಸಬೇಕಾಯಿತು. ಹುಟ್ಟಿದ ವರ್ಷವನ್ನಾಗಲೀ ಓದು ಮುಗಿಯುವ ವರ್ಷವನ್ನಾಗಲೀ ಯಾರೂ ಆರಿಸಿಕೊಂಡಿರುವುದಿಲ್ಲ.

ಫಾರ್ವರ್ಡ್ ಮಾಡುವ ಮುನ್ನ

ನಿರುದ್ಯೋಗದ ಅಂಕಿ ಬಂದಾಗ ಮೂರು ಪ್ರಶ್ನೆ ಕೇಳಿ. ಯಾವ ವಯಸ್ಸಿನವರದ್ದು? ಎಷ್ಟು ಮಂದಿಯಲ್ಲಿ ಇಷ್ಟು ಶೇಕಡಾ? ಯಾವ ವರ್ಷದ್ದು? ಈ ಮೂರಕ್ಕೂ ಉತ್ತರವಿಲ್ಲದ ಸಂದೇಶವನ್ನು ಅಲ್ಲೇ ಬಿಡಿ.

ಕೆಲಸದ ಕೊರತೆಯ ಕಾಲ ವಂಚಕರಿಗೂ ಅನುಕೂಲದ ಕಾಲ. ನೋಂದಣಿ ಶುಲ್ಕ, ತರಬೇತಿ ಶುಲ್ಕ, ಲ್ಯಾಪ್‌ಟಾಪ್ ಡೆಪಾಸಿಟ್ ಎಂದು ಮೊದಲು ಹಣ ಕೇಳುವ ‘ವರ್ಕ್ ಫ್ರಂ ಹೋಮ್’ ಸಂದೇಶಗಳನ್ನು ಯಾರಿಗೂ ಕಳುಹಿಸಬೇಡಿ. ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಒಟ್ಟಾರೆ ಹೇಳುವುದಾದರೆ, ದೇಶದ ಶೇ. 83ರಷ್ಟು ಯುವಕರು ನಿರುದ್ಯೋಗಿಗಳು ಎನ್ನುವುದು ತಪ್ಪು. ಶೇ. 3.2 ಇರುವುದರಿಂದ ಸಮಸ್ಯೆಯೇ ಇಲ್ಲ ಎನ್ನುವುದೂ ತಪ್ಪು. ‘ಹುಡುಗರು ಸೋಮಾರಿಗಳು’ ಎಂಬ ಸಂದೇಶವನ್ನು ಮನೆಯ ಗುಂಪಿಗೆ ಹಾಕುವ ಮುನ್ನ, ಹತ್ತಾರು ಅರ್ಜಿ ಹಾಕಿ ಉತ್ತರಕ್ಕಾಗಿ ಕಾಯುತ್ತಿರುವ ಮಗನೋ ಸೊಸೆಯೋ ಅದೇ ಗುಂಪಿನಲ್ಲಿ ಇರಬಹುದು ಎನ್ನುವುದನ್ನು ನೆನಪಿಡಿ.