ಬೈಯೋಕಿಂತ ಮೊದ್ಲು ಪೆಡಲ್ ನೋಡ್ರಿ

ಹೋದ ವರ್ಷ ನಮ್ಮ ಮನಿಗೆ ಡಿಜಿಟಲ್ ಪಿಯಾನೋ ಬಂದಾಗ ನೀವೆಲ್ಲಾ ನೋಡ್ಲಿಕ್ಕೆ ಬಂದಿದ್ರಿ, ನೆನಪದ ಅಲ್ರೀ? ಅವಲಕ್ಕಿ ಹಚ್ಚಿ ಹಚ್ಚಿ ನನ್ನ ಕೈ ಸೋತಿದ್ವು. ಮುಂದಿನ ಕಥಿ ನಿಮಗ ಗೊತ್ತಿಲ್ಲ. ಆರು ತಿಂಗಳಿಗೇ ಮೊಮ್ಮಗಳು "ಅಜ್ಜಿ, ನಂಗ ಪಿಯಾನೋ ಬ್ಯಾಡ" ಅಂತ ಅತ್ತಳು.

ಕಾರಣ ಬಲಗಾಲಿನ ಪೆಡಲ್. ಒತ್ತಿದ್ರ ಸ್ವರ ಉಳಕೊಂಡು ಮೊಳಗಬೇಕು, ಬಿಟ್ಟರ ನಿಲ್ಲಬೇಕು. ಇಕಿ ನುಡಿಸಿದ್ರ ಒಂದಿನ ಛಂದ, ಮರುದಿನ ಉಲ್ಟಾ. ಒತ್ತಿದ್ರ ಸ್ವರ ಟಕ್ ಅಂತ ಕಡೀತಿತ್ತು, ಕಾಲು ಎತ್ತಿದ್ರ ಎಲ್ಲಾ ಸ್ವರ ಕೂಡಿ ಕಲಸುಮೇಲೋಗರ. ಕಲಿಸೋವ್ರು "ಲಕ್ಷ್ಯ ಇಲ್ಲ" ಅಂದ್ರು. ನನ್ನ ಮಗ "ಬೇಕಂತ ಮಾಡ್ತಾಳ" ಅಂದ. ಎದುರು ಮನಿ ವೈನಿ "ಈ ಹುಡುಗಿಗೆ ಸಂಗೀತ ಹತ್ತೂದಿಲ್ಲ ಬಿಡ್ರಿ" ಅಂದ್ರು. ವೈನಿ, ಸಿಟ್ಟಾಗಬ್ಯಾಡ್ರಿ, ನೀವು ಅಂದದ್ದು ಖರೆ ಅದ.

ನಾ ಕೇಳ್ತೇನಿ, ನಿನ್ನೆ ಬಂದದ್ದು ಇವತ್ತ ಎಲ್ಲಿಗೆ ಹೋಗ್ತದ? ಮಿಕ್ಸರ್ ಒಂದಿನ ತಿರುಗಿ ಒಂದಿನ ತಿರುಗದಿದ್ರ ಪ್ಲಗ್ ನೋಡ್ತೀವಿ. ಒಳಗಿನ ಖೊಬ್ರಿಗೆ ಬೈತೀವೇನು? ಕೂಸಿನ ಮಾತು ಬಂದಾಗ ಮಾತ್ರ ಪ್ಲಗ್ ನೋಡೋರು ಯಾರೂ ಇಲ್ಲ!

ನಾಕು ದಿನ ಅಲ್ಲೇ ಕೂತು ಬದನಿಕಾಯಿ ಹೆಚ್ಕೋತ ನೋಡಿದೆ. ಒಮ್ಮೊಮ್ಮೆ ಇಕಿ ಮೊದ್ಲು ಪೆಡಲ್ ಮ್ಯಾಲೆ ಕಾಲಿಟ್ಟು ಆಮ್ಯಾಲೆ ಸ್ವಿಚ್ ಹಾಕ್ತಿದ್ಳು. ಅವತ್ತೇ ಉಲ್ಟಾ! ಇಂಥಾ ಎಷ್ಟೋ ವಾದ್ಯ ಚಾಲೂ ಆಗೂ ಹೊತ್ತಿಗೆ ಪೆಡಲ್ ಹೆಂಗಿರ್ತದೋ ಅದನ್ನ "ಕಾಲು ಬಿಟ್ಟದ್ದು" ಅಂತ ತಿಳಕೋತಾವ. ಬಂದ್ ಮಾಡಿ, ಕಾಲು ತಗದು, ಮತ್ತ ಚಾಲೂ ಮಾಡಿದ್ರ ಮುಗೀತು. ರಿಪೇರಿ ಖರ್ಚು ಸೊನ್ನೆ. ಕೂಸಿನ ಕಣ್ಣೀರಿನ ಲೆಕ್ಕ ಬ್ಯಾರೆ.

ಅಷ್ಟಕ್ಕೇ ನಾ ಬಿಡ್ಲಿಲ್ಲ. ಮಗ "ಅವ್ವಾ, ಸೆಟ್ಟಿಂಗ್ ಮುಟ್ಟಬ್ಯಾಡ, ಕೆಡ್ತದ" ಅಂದ. ಮೂವತ್ತು ವರ್ಷ ಹೊಲಿಗಿ ಮಶೀನ್ ನಡಸೀನಿ, ನನಗ ಹೇಳ್ತಾನ! ಕೈಪಿಡಿ ತಗದು ಕನ್ನಡಕ ಹಾಕ್ಕೊಂಡು ಕೂತೆ. ಕಲಿಸೋವ್ರು "ಅರ್ಧ ಒತ್ತು" ಅಂತಿದ್ರು. ಖರೇ ಪಿಯಾನೋದಾಗ ಅರ್ಧ ಒತ್ತಿದ್ರ ಒಳಗಿನ ಉಣ್ಣಿ ಬಟ್ಟಿ ತಂತಿಗೆ ಸ್ವಲ್ಪೇ ತಾಗಿ ನಾದ ಮೆಲ್ಲಕ ಇಳೀತದ. ವಾದ್ಯದ ಜೋಡಿ ನಮಗ ಬಂದ ಪೆಡಲ್ ಬರೇ ಸ್ವಿಚ್, ದೀಪದ ಗುಂಡಿ ಇದ್ದಂಗ. ಅದಕ್ಕ ಒತ್ತಿದ್ದು, ಬಿಟ್ಟದ್ದು ಎರಡೇ ಗೊತ್ತು. ಇಲ್ಲದ ಅರ್ಧ ಕೂಸು ಎಲ್ಲಿಂದ ತರಬೇಕು? ಮೋಟರ್ ಹಚ್ಚಿದ ಹೊಲಿಗಿ ಮಶೀನಿನ ಪೆಡಲ್‌ನಂಗ, ಎಷ್ಟು ಒತ್ತಿದ್ರ ಅಷ್ಟು ಅನ್ನೂ ಪೆಡಲ್ ಬ್ಯಾರೆ ಸಿಗ್ತದ. ನಮ್ಮ ವಾದ್ಯಕ್ಕ ಅದು ಹೊಂದತದೋ ಇಲ್ಲೋ ಕೈಪಿಡಿಯೊಳಗ ನೋಡಿ ತರಿಸಿದೆ. ಪೆಡಲ್ ಜಾತಿ ಬದಲಿಸಿದೆ. ಅರ್ಧ ಎಲ್ಲಿಂದ ಸುರು ಅನ್ನೂದನ್ನ ಇಕಿ ಸಣ್ಣ ಕಾಲಿಗೆ ತಕ್ಕಂಗ ಇಟ್ಟೆ.

ಇನ್ನ ಅನುರಣನ ಅಂತ ಒಂದದ. ಸಿತಾರದ ತರಫ್ ತಂತಿ ಮುಟ್ಟದೇ ಝೇಂಕರಸ್ತಾವಲ್ಲ, ಹಂಗ. ಅದನ್ನ ಯಾರೋ ತುದಿಗೆ ಏರಿಸಿಟ್ಟಿದ್ರು. ಇಳಿಸಿದೆ.

ಎಲ್ಲಾ ಪೆಡಲ್‌ದೇ ತಪ್ಪು ಅಂತ ನಾ ಅನ್ನೂದಿಲ್ಲ. ಸ್ವರ ಬದಲಾಗೂ ಮುಂದ ಕಾಲು ಎತ್ತೂದು ಇಕಿಗೆ ಇನ್ನೂ ಸರಿಯಾಗಿ ಬಂದಿಲ್ಲ. ಅದನ್ನ ಕಲೀಲಿ, ಬೈಸಿಕೊಳ್ಳಲಿ. ತಾ ಮಾಡಿದ ತಪ್ಪಿಗೆ ಮಾತ್ರ.

ಸೆಟ್ಟಿಂಗ್ ಅಂಕಿ ಎಲ್ಲಾ ಹಾಲಿನ ಲೆಕ್ಕದ ಪುಸ್ತಕದಾಗ ಬರದಿಟ್ಟೇನಿ, ಬೇಕಾದವರು ಬಂದು ನೋಡ್ರಿ. ಮಗ ಇನ್ನೂ ಮಗಳಿಗೆ "ತಪ್ಪಾತು" ಅಂದಿಲ್ಲ. ನಾ ಕಾಯ್ಲಿಕ್ಕತ್ತೇನಿ.