ಯಾರ ರಕಾರ ಕಲಿಯೋಣ?

ವಿಜಯವಾಡದ ವಿಮಾನ ನಿಲ್ದಾಣ ಇರುವುದು ಗನ್ನವರಂನಲ್ಲಿ. ಓದಲು ಅಮೆರಿಕಕ್ಕೆ ಹೊರಟ ಮಕ್ಕಳನ್ನು ಮನೆಮಂದಿ ಇಲ್ಲಿ ಬೀಳ್ಕೊಡುತ್ತಾರೆ. ಅದಕ್ಕೂ ಮೊದಲು ಎಷ್ಟೋ ಮಂದಿ ‘ಆಕ್ಸೆಂಟ್’ ಕ್ಲಾಸಿಗೆ ದುಡ್ಡು ಸುರಿದಿರುತ್ತಾರೆ. ಬೆಂಗಳೂರಿನಲ್ಲೂ ಇದೇ ಕತೆ. ಈ ವ್ಯಾಪಾರಕ್ಕೆ ನಮ್ಮ ಕೀಳರಿಮೆಯೇ ಬಂಡವಾಳ.

ಬ್ರಿಟಿಷರದ್ದೇ ಮೂಲ, ಅಮೆರಿಕದ್ದು ಕೆಟ್ಟ ಇಂಗ್ಲಿಷ್ ಎನ್ನುವವರು ‘ಕಾರ್’ ಪದವನ್ನೇ ನೋಡಲಿ. ಅದರ ಕೊನೆಯ ರಕಾರವನ್ನು ನುಂಗುವ ರೂಢಿ ದಕ್ಷಿಣ ಇಂಗ್ಲೆಂಡಿನಲ್ಲಿ ಹಬ್ಬಿದ್ದು 18ನೇ ಶತಮಾನದ ಕೊನೆಯ ಹೊತ್ತಿಗೆ. ಹೆಚ್ಚಿನ ಅಮೆರಿಕನ್ನರು ಹಳೆಯದನ್ನೇ ಉಳಿಸಿಕೊಂಡಿದ್ದಾರೆ. ಕನ್ನಡ, ತೆಲುಗುಗಳ ‘ಕಾರು’ವಿನಲ್ಲೂ ಅದು ಗಟ್ಟಿಯಾಗಿದೆ. ಹಾಗಂತ ಅಮೆರಿಕದ್ದೇ ಶುದ್ಧವೂ ಅಲ್ಲ. ‘ವಾಟರ್’ನ ಟಕಾರ ಅವರ ಬಾಯಲ್ಲಿ ನಮ್ಮ ರಕಾರದ ಹತ್ತಿರ ಬರುತ್ತದೆ. ಅದು ಸ್ಟೈಲು, ನಾವು ನಾಲಗೆ ಮಡಿಸಿ ನುಡಿದರೆ ಮಾತ್ರ ತಪ್ಪು!

ಕಲಿಸಬೇಕಾದ್ದು ಬೇರೆ. ‘ರೆಕಾರ್ಡ್’ ನಾಮಪದವಾದರೆ ಮೊದಲ ಭಾಗವನ್ನು, ಕ್ರಿಯಾಪದವಾದರೆ ಎರಡನೆಯದನ್ನು ಒತ್ತಿ ಹೇಳಬೇಕು. ಲಂಡನ್ನಿನಲ್ಲೂ ನ್ಯೂಯಾರ್ಕಿನಲ್ಲೂ ಇದೇ ನಿಯಮ. ಕನ್ನಡ, ತೆಲುಗುಗಳಲ್ಲಿ ಹೀಗೆ ಒತ್ತು ಬದಲಾದರೆ ಅರ್ಥ ಬದಲಾಗುವುದಿಲ್ಲ. ನಾವು ಎಡವುವುದೇ ಅಲ್ಲಿ. ಅಷ್ಟನ್ನು ಕಲಿಸಿ, ಉಳಿದದ್ದನ್ನು ಮಕ್ಕಳ ಪಾಡಿಗೆ ಬಿಡಿ. ಧಾರವಾಡದವರು ಮೈಸೂರಿನಲ್ಲಿ ತಮ್ಮ ಧಾಟಿಯಲ್ಲೇ ಮಾತಾಡಿ ಬದುಕುತ್ತಿಲ್ಲವೇ?